ಐದು ಡಬ್ಲ್ಯು ಮೂವತ್ತು

ನಾರಿನ್ ಪಟ್ಟಣದ ಸಂತೆಯೆಂದರೆ
ಹಡಗಿನಿಂದ ಇಳಿದ ಮೇಲೆ ಮತ್ತೆ ಸಮುದ್ರ ಕಾಣದ
ಕಬ್ಬಿಣದ ಪೆಟ್ಟಿಗೆಗಳ ಎರಡು ಸಾಲು.
ಏಳನೆಯದರಲ್ಲಿ ಎಣ್ಣೆ, ಫಿಲ್ಟರು, ಬೆಲ್ಟು, ವೈಪರು.
ನವೆಂಬರಿನ ಕೊನೆ. ಉಗುಳಿದರೆ
ನೆಲ ಮುಟ್ಟುವ ಮೊದಲೇ ಗಟ್ಟಿಯಾಗುತ್ತದಂತೆ.
ನಾನು ಉಗುಳಿ ನೋಡಿಲ್ಲ. ಶಾಲೆಯ ಟೀಚರು ನಾನು.

ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಹೇಳಿದವಳು
ಹೋಂಡಾ ಫಿಟ್ಟಿನ ಹೊಟ್ಟೆಗೆ ಏನು ಹಾಕಬೇಕೆಂದು
ಯಾರನ್ನೂ ಕೇಳುವುದಿಲ್ಲ. ಸ್ಟೇರಿಂಗು ಬಲಗಡೆ;
ಜಪಾನಿನಲ್ಲಿ ಯಾರೋ ಓಡಿಸಿ ಸಾಕೆಂದು ಬಿಟ್ಟ ಕಾರು.
ಕೈಪಿಡಿಯೂ ಅವರದೇ ಭಾಷೆ, ಅಂಕಿಯಷ್ಟೇ ಓದಬಲ್ಲೆ:
ಐದು, ಡಬ್ಲ್ಯು, ಮೂವತ್ತು.
ಐದು ಚಳಿಯ ಮಾತು, ಮೂವತ್ತು ಬೇಗೆಯ ಮಾತು.

ಅಂಗಡಿಯ ಹುಡುಗ ಮೂರು ಫಿಲ್ಟರು ಇಟ್ಟ. ಮೂರೂ ಕಿತ್ತಳೆ ಬಣ್ಣ.
ಬಾಯೊಳಗೆ ಕಿರುಬೆರಳು ಹಾಕಿ ನೋಡಿದೆ.
ಒಂದರ ರಬ್ಬರು ಹಪ್ಪಳ. ಇನ್ನೊಂದಕ್ಕೆ ರಬ್ಬರೇ ಇಲ್ಲ.
ಅದರದು ಸಣ್ಣ ಕೆಲಸ: ಕಾರು ನಿಂತ ರಾತ್ರಿ
ಎಣ್ಣೆ ಕೆಳಗಿಳಿದು ಹೋಗದಂತೆ ತಡೆದು ಕೂರುವುದು.
ಅದು ಸೋತರೆ ಬೆಳಿಗ್ಗೆ ಮೂರು ಸೆಕೆಂಡು
ಎಂಜಿನ್ನು ಒಣಹಲ್ಲು ಕಡಿಯುತ್ತದೆ.
ಮೂರು ಸೆಕೆಂಡು ತಾನೇ, ಅನ್ನುತ್ತಾನೆ ನನ್ನ ಮೈದುನ.
ಅವನಿಗೂ ನನಗೂ ಎಣ್ಣೆ ಸೀಗೆಕಾಯಿ.

ಮೂರನೆಯದು ಬೆರಳಿಗೆ ಮೆತ್ತಗೆ ಮಡಿಯಿತು,
ಕೂಸಿನ ಕಿವಿಯ ಹಾಗೆ.
ಇದು ಕೊಡು, ಎಂದೆ. ಆ ನಾಲ್ಕು ಲೀಟರಿನ ಡಬ್ಬಿಯನ್ನೂ.

ಹುಡುಗ ಡಬ್ಬಿ ಮುಟ್ಟಲಿಲ್ಲ. ಟೋಪಿ ಹಿಂದಕ್ಕೆ ಸರಿಸಿದ.
‘ಎಜೆ, ಗುರುತು ಸಿಗಲಿಲ್ಲವಾ? ಕುಟ್ಮಾನ್.
ಹತ್ತು ಬಿ. ಕಿಟಕಿ ಪಕ್ಕ.’
ಸಿಕ್ಕಿತು. ಪಕ್ಕದವಳ ತಪ್ಪನ್ನೂ
ತಪ್ಪಿಲ್ಲದೆ ನಕಲು ಮಾಡಿದವನು.
‘ಅದು ಬೇಡ ಎಜೆ,’ ದನಿ ಇಳಿಸಿದ,
‘ಅದನ್ನ ತುಂಬೋನು ನಾನೇ. ಹಿಂದಿನ ಶೆಡ್ಡಲ್ಲಿ, ಪೀಪಾಯಿಯಿಂದ.
ಚೀಟಿ ಮಾತ್ರ ಬಿಷ್ಕೆಕ್ಕಿಂದ ಬರುತ್ತೆ.’
ಗಲ್ಲಾಪೆಟ್ಟಿಗೆಯ ಕೆಳಗಿಂದ ಬೇರೆ ಡಬ್ಬಿ ತೆಗೆದ,
ತನ್ನ ಕಾರಿಗೆಂದು ಇಟ್ಟುಕೊಂಡದ್ದು.

ಎರಡೂ ಕೊಡು, ಎಂದೆ.

ಆ ರಾತ್ರಿ ಕಿಟಕಿಯಾಚೆ ಎರಡು ಗಾಜಿನ ನಳಿಗೆ ನಿಲ್ಲಿಸಿದೆ.
ಪಾದರಸ ಸೊನ್ನೆಯಿಂದ ಇಪ್ಪತ್ತೆಂಟು ಮೆಟ್ಟಿಲು ಕೆಳಗೆ.
ಬೆಳಿಗ್ಗೆ ಓರೆ ಮಾಡಿದೆ. ಒಂದು
ಅರೆನಿದ್ದೆಯಲ್ಲಿ ಎದ್ದ ಹಾಗೆ ನಿಧಾನಕ್ಕೆ,
ಆದರೂ ಹೊರಟಿತು.
ಇನ್ನೊಂದು ತಲೆಕೆಳಗು ಹಿಡಿದರೂ ಕದಲಲಿಲ್ಲ,
ಪ್ರಶ್ನೆ ಕೇಳಿದಾಗ ಹತ್ತು ಬಿ ಕೂತ ಹಾಗೆ.

ಭಾನುವಾರ ಅಂಗಳದಲ್ಲಿ ಹಳೆಯ ಕಂಬಳಿ ಹಾಸಿ
ಎಂಜಿನ್ನು ಬಿಸಿಯಿರುವಾಗಲೇ ಕಾರಿನಡಿ ತೆವಳಿದೆ.
ಕಪ್ಪು ಎಣ್ಣೆ ತಪ್ಪಲೆಗೆ ಮೊದಲು ಧಾರೆ, ಆಮೇಲೆ ದಾರ, ಆಮೇಲೆ ಹನಿ.
ಹೊಸ ಫಿಲ್ಟರಿನ ತುಟಿಗೆ ಒಂದು ಬೆರಳು ಎಣ್ಣೆ ಸವರಿ
ಕೈಯಲ್ಲೇ ಬಿಗಿದು, ಮೇಲೆ ಮುಕ್ಕಾಲು ಸುತ್ತು.
ಅಷ್ಟೇ. ಹೆಚ್ಚು ಬಿಗಿದರೆ
ಮುಂದಿನ ಸಲ ಬಿಚ್ಚಬೇಕಾದವಳೂ ನಾನೇ.

ಈಗ ಕಾರು ಸದ್ದಿಲ್ಲದೆ ಏಳುತ್ತದೆ.
ನಕಲಿ ಡಬ್ಬಿ ಆಲೂಗಡ್ಡೆ ಚೀಲದ ಹಿಂದಿದೆ.
ಚೆಲ್ಲೋಣವೆಂದರೆ ಕೆಳಗೇ ನದಿ.
ಯಾರದೋ ಒಂದು ಎಂಜಿನ್ನಾದರೂ ಉಳಿಯಲೆಂದು ಕೊಂಡದ್ದು;
ಆದರೆ ಲೆಕ್ಕದ ಹೆಂಗಸು, ಆವತ್ತೇ ಎಣಿಸಿದ್ದೆ:
ಕಪಾಟಿನಲ್ಲಿ ಹನ್ನೆರಡು ಇದ್ದವು.
ಹೇಳುವ ಹೊತ್ತಿನಲ್ಲಿ ಏನೂ ಹೇಳದೆ
ಚಿಲ್ಲರೆ ಎಣಿಸಿಕೊಂಡು ಬಂದೆ,
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ.

ಇಂದು ಬೆಳಿಗ್ಗೆ, ಇನ್ನೂ ಕತ್ತಲೆ,
ಪಕ್ಕದ ಬೀದಿಯಲ್ಲಿ ಯಾರದೋ ವ್ಯಾನು ಹಲ್ಲು ಕಡಿಯಿತು.
ಚಹಾ ಲೋಟ ಹಿಡಿದು ಎಣಿಸಿದೆ.
ಒಂದು. ಎರಡು. ಮೂರು.
ನಾಲ್ಕು.