ಹರವಿಯ ಮೇಲಿನ ಸರ್ವರ್

ಭಾಗ್ಯನಗರದ ಈ ಶೆಡ್ಡಿನಲ್ಲಿ ಫ್ಯಾನು ಹಾಕುವಂತಿಲ್ಲ.
ಹಾಕಿದರೆ ಊರೂರ ತಲೆಗಳು ಹಾರುತ್ತವೆ,
ಮೂಗಿಗೆ, ಬಾಯಿಗೆ, ಬುತ್ತಿಯ ರೊಟ್ಟಿಗೆ.
ಅದಕ್ಕೇ ನನ್ನ ಸರ್ವರನ್ನು
ನೀರಿನ ಹರವಿಯ ಮುಚ್ಚಳದ ಮೇಲೆ ಮಲಗಿಸಿದ್ದೇನೆ,
ತಣ್ಣಗಿರಲಿ ಎಂದು.

ಸರ್ವರ್ ಎಂದರೆ ದೊಡ್ಡದೇನಲ್ಲ,
ಗಾಜು ಒಡೆದ ಹಳೇ ಮೊಬೈಲು.
ಸಿಮ್ಮಿಲ್ಲ. ಹೊರಗಿನ ಇಂಟರ್ನೆಟ್ಟಿನ ಹಂಗಿಲ್ಲ.
ಶೆಡ್ಡಿನ ವೈಫೈ ಮುಟ್ಟುವಷ್ಟೇ ಅದರ ರಾಜ್ಯ:
ಈ ಕಡೆ ಕೂದಲು ತೊಳೆಯುವ ಕಟ್ಟೆ,
ಆ ಕಡೆ ಬೇವಿನ ಗಿಡ.
ಗಿಡ ದಾಟಿದರೆ ಅದು ಯಾರಿಗೂ ಗೊತ್ತಿಲ್ಲ.

ಮೊದಲು ಹುಬ್ಬಳ್ಳಿಯಿಂದ ತಂದದ್ದೊಂದಿತ್ತು,
ಹನ್ನೆರಡು ಮೆನು, ತಿಂಗಳ ಬಾಡಿಗೆ,
ನಟ್ಟನಡುವೆ ತಿರುಗುವ ಒಂದು ಉಂಗುರ.
ಅದು ತಿರುಗುತ್ತ ಕೂತರೆ
ಮೂವತ್ತು ಹೆಂಗಸರು ಬಾಚಿದ ಕಟ್ಟು ಹಿಡಿದು ನಿಂತು
ಸಂಜೆಯ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು.
“ಇದ್ಯಾಕ ಗಾಣದ ಎತ್ತಾಗೇತಿ?” ಅಂದಿದ್ದಳು ದುರುಗವ್ವ.

ಎರಡು ರಾತ್ರಿ ಕೂತು ಬರೆದೆ.
ಅರವತ್ತು ಸಾಲು. ಬರೆದದ್ದಕ್ಕಿಂತ ಅಳಿಸಿದ್ದು ಹೆಚ್ಚು.
ಹೆಸರು, ಇಂಚು, ತೂಕ.
ಕೇಳಿದವರಿಗೆ ಕೇಳಿದಷ್ಟು ಬಡಿಸುವುದು,
ಎಲೆ ಎತ್ತಿದ ಮೇಲೆ ಸುಮ್ಮನಿರುವುದು.

ಆಮೇಲೆ ಶುರುವಾಯಿತು ಪ್ಲಗಿನ್ನುಗಳ ಬೇಡಿಕೆ.
ನಾನೇ ಬಾಯಿಬಿಟ್ಟು ಕೆಟ್ಟೆ:
“ತುರುಬು ಬಿಚ್ಚದ ಪಿನ್ನು ಸಿಕ್ಕಿಸಿದಂಗ.
ಬೇಕಂದ್ರ ಸಿಕ್ಕಿಸು, ಬ್ಯಾಡಂದ್ರ ತೆಗಿ.”
ದುರುಗವ್ವನಿಗೆ ವಾರದ ಚೀಟಿಯ ಲೆಕ್ಕ ಬೇಕಿತ್ತು,
ಗಂಗಾವತಿಯಿಂದ ಬರುವ ಹುಡುಗಿಗೆ ಬಸ್ಸಿನ ಹೊತ್ತು.
ರಾಜಾಬಿಗೆ ಓದು ಬಾರದು,
ತೂಕ ತಾನೇ ಮಾತಾಡಲಿ ಅಂದಳು.
ಮಾತಾಡಿಸಿದೆ, ನನ್ನದೇ ದನಿಯಲ್ಲಿ.
ನೆಗಡಿಯಾದ ದಿನ ರೆಕಾರ್ಡು ಮಾಡಿದ್ದು,
ದಿನಕ್ಕೆ ನಲವತ್ತು ಸಲ
ಹರವಿಗೇ ಶೀತವಾದ ಹಾಗೆ ಕೇಳುತ್ತದೆ.

ಸಾಹುಕಾರರು ಕೊನೆಗೆ ಬಂದರು, ಬಾಗಿಲು ಅರ್ಧ ಮುಂದೆ ಮಾಡಿ.
“ಸಣ್ಣದೊಂದು ಮಾಡವಾ.
ಐವತ್ತು ಗ್ರಾಂ ಒಳಗಿಂದು ಧೂಳು ಅಂತ ಬಿಟ್ಟುಬಿಡ್ಲಿ.”
ಸಣ್ಣದೇ. ಒಂದೂವರೆ ಸಾಲು.
ಉಗುರು ಕಚ್ಚುವಷ್ಟು ಹೊತ್ತು ಹಿಡಿಯಿತು.
ಇಲ್ಲ ಅನ್ನಲಿಲ್ಲ ನಾನು. ಸಿಕ್ಕಿಸಿದೆ.
ಅದನ್ನಿಲ್ಲಿ ಮುಚ್ಚಿಡುವುದಿಲ್ಲ.
ಆದರೆ ಸಿಕ್ಕಿಸಿದ್ದೆಲ್ಲದರ ಹೆಸರು
ಪುಟದ ಬುಡದಲ್ಲಿ ಬರುವುದು ಮೊದಲಿನಿಂದ ಇದ್ದ ರೂಢಿ.
ಮಾತಾಡುವ ಪ್ಲಗಿನ್ನು ಬುಡವನ್ನೂ ಬಿಡದೆ ಓದಿತು:
“ರಾಜಾಬಿ. ಹದಿನಾರು ಇಂಚು. ಎಂಟುನೂರು ಗ್ರಾಂ.
ಸಾಹುಕಾರರ ಧೂಳು, ನಲವತ್ತು ಗ್ರಾಂ.”

ಯಾರೂ ನಗಲಿಲ್ಲ.
ಮೊಳೆಹಲಗೆಯ ಮೇಲೆ ಕೈಗಳು ಒಂದು ಗಳಿಗೆ ನಿಂತವು, ಅಷ್ಟೇ.
ಮರುದಿನ ಅವರೇ ಬಂದು
“ತೆಗೆದುಬಿಡು ಅದನ್ನ, ಮಷಿನ್ ನಿಧಾನ ಆಗ್ತೈತಿ” ಅಂದರು.
ಆಗುತ್ತಿರಲಿಲ್ಲ.
ಹೌದ್ರೀ, ಅಂದೆ.

ಮೊನ್ನೆ ಸೋಮವಾರ ಸರ್ವರ್ ಕಣ್ಣು ಮುಚ್ಚಿತು.
ಅರವತ್ತೂ ಸಾಲು ಬಾಚಿದೆ,
ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ.
ಸಿಕ್ಕು ಸಿಗಲಿಲ್ಲ.
ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.
ರಾಜಾಬಿ ಬಂದು ಮೊಬೈಲನ್ನೆತ್ತಿ
ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು
ಚಾರ್ಜರ್ ಚುಚ್ಚುವ ಕಿಂಡಿಯೊಳಗೆ
ದಬ್ಬಣದ ಮೊನೆ ಇಟ್ಟಳು.
ಎಳೆದಳು.
ಬರುತ್ತಲೇ ಇತ್ತು.
ಯಾವ ಊರಿನವಳದೋ, ಯಾವ ಹರಕೆಯದೋ,
ಒಂದೇ ಎಳೆ.

ಬೆರಳಿಗೆ ಸುತ್ತಿ, ಬಿಚ್ಚಿ, ಗೇಣು ಹಾಕಿ
“ಇಪ್ಪತ್ತೆರಡು” ಅಂದಳು.
ಇಪ್ಪತ್ತೆರಡರ ಕಟ್ಟಿನೊಳಗೆ ಸೇರಿಸಿ
ತನ್ನ ಮಣೆಗೆ ಹೋದಳು.

ಹರವಿಯ ಮೇಲೆ ಬೆಳಕು ಬಂತು.
ನನ್ನ ಕಟ್ಟಿದ ಮೂಗಿನ ದನಿ
ಎಲ್ಲರಿಗಿಂತ ಮೊದಲು ಎದ್ದು ಕರೆಯಿತು:
“ಮುಂದಿನವರು ಬರ್ರಿ.”