ನೀರ್ಗೆರೆ

ಗುನ್‌ವೋರ್ ಕುರ್ಚಿಗೆ ಒರಗುವ ಮುನ್ನವೇ ಕೇಳಿದಳು:
ತುಕ್ಕು ಹಿಡಿದಿದೆಯಾ?
ಟೈಟೇನಿಯಂಗೆ ತುಕ್ಕಿಲ್ಲ, ಅಂದೆ.
ಹಾಗಾದರೆ ದಿಂಬಿನ ಮೇಲಿನ ರಕ್ತ ಯಾರದು?

ಯೋಟೆಬೊರ್ಗಿನ ಒಣ ಹಡಗುಕಟ್ಟೆಯಲ್ಲಿ
ಹತ್ತೊಂಬತ್ತು ವರ್ಷ ಹಡಗುಗಳ ತಳ ಕೆರೆದವಳು.
ಅವಳ ಮುಂದೆ ಲೋಹದ ಬಗ್ಗೆ
ನಾನು ಅಳೆದು ಮಾತಾಡಬೇಕು.

ಸಲಾಕೆ ಇಳಿಸಿದೆ. ಮೂರಲ್ಲ, ನಾಲ್ಕಲ್ಲ,
ಏಳು ಮಿಲಿಮೀಟರ್.
ಕೀವು ಒಂದು ಹನಿ, ನಾಚಿದಂತೆ.

ಮರುವಾರ ಒಸಡನ್ನು ಬಿಡಿಸಿ ನೋಡಿದರೆ
ಸ್ಕ್ರೂವಿನ ನಾಲ್ಕು ಸುತ್ತು ಬೆತ್ತಲೆ,
ಸುತ್ತಿನ ಸಂದಿಯಲ್ಲಿ ಬೂದು ಲೋಳೆ,
ಎಲುಬು ದೂರ ಸರಿದು ಬಟ್ಟಲಾಗಿದೆ.
ಎಲುಬು ಹಿಡಿಯಲೆಂದೇ
ಕಾರ್ಖಾನೆಯಲ್ಲಿ ಒರಟು ಮಾಡಿದ ಮೈ ಅದು.
ಒರಟು ಕಂಡರೆ
ಎಲುಬೊಂದೇ ಹಿಡಿಯುತ್ತದೆಯೇ?

ಉಕ್ಕು ತಾಗಿಸುವಂತಿಲ್ಲ, ಗೀರು ಬೀಳುತ್ತದೆ.
ಮೆದು ಬ್ರಶ್ಶು, ಉಪ್ಪುನೀರು, ನೆನೆದ ಹತ್ತಿಯುಂಡೆ,
ಒಂದಾದ ಮೇಲೊಂದು, ಒಂದಾದ ಮೇಲೊಂದು,
ಗಡಿಯಾರ ನೋಡದೆ.
ಕೊನೆಗೆ ಲೋಹ ಮಿಂಚಿತು.
ಮಿಂಚಿದ್ದು ನನ್ನ ಕಣ್ಣಿಗೆ.
ಜೀವಕೋಶಗಳ ಕಣ್ಣಿಗೆ ಏನು ಕಂಡಿತೋ,
ಅವು ನನ್ನಂತೆ ದೀಪ ಹಿಡಿದು ನೋಡುವುದಿಲ್ಲ,
ಮುಟ್ಟಿ ನೋಡುತ್ತವೆ.

ಹೊಲಿಗೆ ಬಿಚ್ಚಿದ ದಿನ ಅವಳೇ ಹೇಳಿದಳು:
ಚಿಪ್ಪುಹುಳ ಕೆರೆದರೆ ಹೋಗುತ್ತದೆ ಮಗೂ,
ಅದರ ಬುಡದ ಬಿಳಿ ಉಂಗುರ ಹೋಗುವುದಿಲ್ಲ.
ಮರುವರ್ಷದ ಹುಳ
ಆ ಉಂಗುರದ ಪಕ್ಕದಲ್ಲೇ ಮನೆ ಮಾಡುತ್ತದೆ.
ಮೇಸ್ತ್ರಿ ಲೂಂಡೆಲ್ ಬಣ್ಣ ಬಳಿಸುತ್ತಿದ್ದ.
ಉಂಗುರಕ್ಕೆ ಬಣ್ಣ ಗೊತ್ತಾಗುತ್ತಿತ್ತೇ?

ಐದು ತಿಂಗಳು.
ಕ್ಷ-ಕಿರಣದ ಚಿತ್ರದಲ್ಲಿ ಬಟ್ಟಲು ಅರ್ಧ ತುಂಬಿದೆ.
ಆದರೆ ತುಂಬಿದ್ದಕ್ಕೂ ಲೋಹಕ್ಕೂ ನಡುವೆ
ಕೂದಲೆಳೆಯಷ್ಟು ಕಪ್ಪು ಗೆರೆ.
ಎಲುಬು ವಾಪಸು ಬಂದಿದೆ,
ಹೊಸ್ತಿಲಲ್ಲೇ ನಿಂತಿದೆ,
ಒಳಗೆ ಬಾ ಅನ್ನುವವರು ಯಾರು?
ಒಸಡು ಮಾತ್ರ ತಿಳಿಗುಲಾಬಿ.
ಸಲಾಕೆ ತಾಗಿಸಿದೆ, ಕಾದೆ.
ರಕ್ತ ಬರಲಿಲ್ಲ. ಮತ್ತೂ ಕಾದೆ.

ಗೆದ್ದೆವಾ, ಅಂತ ಅವಳು ಕೇಳಲಿಲ್ಲ.
ಕನ್ನಡಿ ಇಸಿದುಕೊಂಡು ತುಟಿ ಎತ್ತಿ ನೋಡಿದಳು.
ಒಸಡು ಇಳಿದಲ್ಲಿ ಒಂದು ಸುತ್ತು ಹೊರಗೇ ಉಳಿದಿತ್ತು,
ಫೆಬ್ರವರಿಯ ನದಿಯ ಬಣ್ಣ.
ಮುಚ್ಚಬಹುದು, ಅಂದೆ, ಬೇಕಾದರೆ.

ಬೇಡ, ಅಂದಳು, ನಾಲಗೆಯಿಂದ ಸವರುತ್ತ,
ಸರಕು ಇಳಿಸಿದ ಹಡಗಿಗೆ
ನೀರ್ಗೆರೆ ಕಾಣಲೇಬೇಕು.
ಎಷ್ಟು ಮುಳುಗಿದ್ದೆವು ಅಂತ
ಗೊತ್ತಾಗುವುದು ಆಗಲೇ.

ಕೋಟು ತೊಟ್ಟಳು, ಟೋಪಿ ಮರೆತಳು,
ಮರಳಿ ಬಂದು ತೆಗೆದುಕೊಂಡಳು.
ಮುಂದಿನ ತಪಾಸಣೆ ಮೇ ಹದಿನಾಲ್ಕು.
ಅಲ್ಲಿಯವರೆಗೆ ರಾತ್ರಿ ಎರಡು ನಿಮಿಷ
ಸಣ್ಣ ಬ್ರಶ್ಶು, ಆ ಸಂದಿಯಲ್ಲಿ,
ಅವಳದೇ ಕೈ.