ಅಂಗೈ ಬಿಸಿ

ಚಹಾದ ಹೊತ್ತಿಗೆ ಮೇಟ್ರನ್ ಫಿಲೊಮಿನಾ ಕೇಳಿದರು:
ಮುಂದಿನ ತಿಂಗಳು ಮೂವರು ಹುಡುಗಿಯರು ಬರ್ತಾರೆ,
ನೀ ಕಲಿಸ್ತೀಯೇನು?

ನನ್ನ ಬಿಲ್ಲೆಯ ಮೇಲಿನ ಪ್ಲಾಸ್ಟಿಕ್ಕೇ ಇನ್ನೂ ಹರಿದಿಲ್ಲ.
ಲೆಕ್ಕಕ್ಕೆ ನಲವತ್ತೊಂದು ಹೆರಿಗೆ.
ಹದಿನೇಳನೆಯದು ನೀಲಿಗಟ್ಟಿ ಬಂದಾಗ
ಮೊದಲು ಅತ್ತದ್ದು ಕೂಸಲ್ಲ, ನಾನು.
ಅದನ್ನು ಯಾವ ಪಾಠಕ್ಕೆ ಸೇರಿಸಲಿ?

ವಾಸ್ಕೊ ಬಂದರಿನಲ್ಲಿ ಹಡಗೊಂದು ಕೂಗುತ್ತಿದೆ.
ಒಳಗೆ ಬೈನಾದ ಹುಲಿಗೆವ್ವ, ಏಳು ಸೆಂಟಿಮೀಟರು,
ಗಂಡನ ಏಳು ತಲೆಮಾರು ಕನ್ನಡದಲ್ಲೇ ಜಾಲಾಡುತ್ತಾಳೆ;
ಅರ್ಥವಾಗದ ಕೊಂಕಣಿ ನರ್ಸು
‘ದೇವರ ನಾಮವೇ?’ ಅನ್ನುತ್ತಾಳೆ.

ಒಂದು ಮಾತಂತೂ ಹೇಳಬಲ್ಲೆ:
ಹೊಟ್ಟೆ ಮುಟ್ಟುವ ಮೊದಲು
ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಿ.
ಪುಸ್ತಕದಲ್ಲಿಲ್ಲ ಇದು.
ನನಗೆ ಹೇಳಿಕೊಟ್ಟದ್ದು
ನೆಲ ಒರೆಸುವ ಶೆವಂತಿ.

ಚಹಾ ಕೆನೆಗಟ್ಟಿತು. ಹೂಂ ಅಂದಿಲ್ಲ ಇನ್ನೂ.
ಹುಲಿಗೆವ್ವನಿಗೆ ಎಂಟಾಯಿತಂತೆ,
ಏಳುತ್ತೇನೆ
ಕೈ ಉಜ್ಜುತ್ತ.